ಜಮೀನು ಕೈ ಬದಲಾದಾಗ ನೀರು ಯಾರ ಹೆಸರಿಗೆ?



ಸಂಘದ ಸಾಲದಲ್ಲಿ ಅರ್ಧ ಎಕರೆ, ಮುಕ್ಕಾಲು ಎಕರೆ ಜಮೀನು ಕೊಂಡವರು ನಮ್ಮ ನಡುವೆ ಇದ್ದಾರೆ. ಗಂಡನೋ ಮಾವನೋ ತೀರಿಕೊಂಡ ಮೇಲೆ ಬೇಸಾಯ ನೋಡಿಕೊಳ್ಳುತ್ತಿರುವವರೂ ಇದ್ದಾರೆ. ಪಹಣಿಯಲ್ಲಿ ಹೆಸರು ಬಂತಾ ಅಂತ ಎಲ್ಲರೂ ಕೇಳುತ್ತೇವೆ. ಆ ಜಮೀನಿಗೆ ನೀರು ಎಲ್ಲಿಂದ ಬರುತ್ತೆ, ಅದು ಯಾವ ಕಾಗದದಲ್ಲಿದೆ ಅಂತ ಕೇಳುವವರು ಕಡಿಮೆ.

ಮೊದಲು ಬಾವಿಯ ವಿಷಯ. ಅಣ್ಣತಮ್ಮಂದಿರು ಪಾಲಾದಾಗ ಜಮೀನು ಎರಡಾಗುತ್ತದೆ, ಬಾವಿ ಮಾತ್ರ ಒಂದೇ. ಅದು ಒಬ್ಬರ ಪಾಲಿನಲ್ಲಿ ಉಳಿಯುತ್ತದೆ, ಇನ್ನೊಬ್ಬರು ದಿನ ಬಿಟ್ಟು ದಿನ ನೀರು ಹಾಯಿಸಿಕೊಳ್ಳುತ್ತಾರೆ. ಅವರಿರುವ ತನಕ ತಕರಾರಿಲ್ಲ. ಬಾವಿ ಇರುವ ಪಾಲು ಬೇರೆಯವರಿಗೆ ಮಾರಾಟವಾಯ್ತು ಅಂತ ಇಟ್ಟುಕೊಳ್ಳಿ. ಹೊಸ ಮಾಲೀಕರು "ನಿಮಗೆ ಹಕ್ಕಿದೆ ಅನ್ನೋದಕ್ಕೆ ಕಾಗದ ಎಲ್ಲಮ್ಮಾ?" ಅಂತಾರೆ. ನಿಂತ ಬೆಳೆ ಒಣಗುತ್ತೆ, ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ಕಾನೂನು ನಮ್ಮ ಕೈಬಿಟ್ಟಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಜಮೀನಿಗೆ ಸೇರಿದ ಇಂಥ ಹಕ್ಕುಗಳು ಜಮೀನಿನ ಜೊತೆಗೇ ಕೊಂಡವರಿಗೆ ಬರುತ್ತವೆ. ಆದರೆ ತಕರಾರು ಬಂದಾಗ ಸಿವಿಲ್ ಕೋರ್ಟಿನಲ್ಲಿ ಸಾಕ್ಷಿ ಸಮೇತ ತೋರಿಸಬೇಕು. ಅಷ್ಟು ದಿನ ಬೆಳೆ ಕಾಯುತ್ತದೆಯೇ?

ಆದ್ದರಿಂದ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಯಾವುದೇ ಇರಲಿ, ನೋಂದಣಿಗೆ ಮೊದಲೇ ಓದಿಸಿ ಕೇಳಿ. ಷೆಡ್ಯೂಲಿನಲ್ಲಿ ಚಕ್ಕುಬಂದಿ ಬರೆದ ಮೇಲೆ ನೀರನ್ನೂ ಬರೆಸಿ: ಇಂಥ ಸರ್ವೆ ನಂಬರಿನ ಬಾವಿಯಲ್ಲಿ ಅರ್ಧ ಹಕ್ಕು, ದಿನ ಬಿಟ್ಟು ದಿನ ಪಾಳಿ, ಪೈಪು ಹಾಯಿಸಲು ಮತ್ತು ಬಾವಿಗೆ ಹೋಗಿಬರಲು ದಾರಿ, ರಿಪೇರಿ ಖರ್ಚಿನಲ್ಲಿ ಅರ್ಧ ಪಾಲು. ದಾರಿಯನ್ನು ಮರೆಯುವವರೇ ಹೆಚ್ಚು. ನೀರಿದ್ದೂ ಬಾವಿ ಹತ್ತಿರ ಕಾಲಿಡಲು ಆಗದಿದ್ದರೆ ಏನು ಪ್ರಯೋಜನ? ಪತ್ರ ಆಗಲೇ ನೋಂದಣಿಯಾಗಿದ್ದರೆ, ಎರಡೂ ಕಡೆಯವರು ಒಪ್ಪಿದಾಗ ತಿದ್ದುಪಡಿ ಪತ್ರ ಮಾಡಿಸಬಹುದು. ಬರೀ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿದರೆ ಸಾಕು ಅನ್ನುವವರ ಮಾತು ನಂಬಬೇಡಿ, ನೋಂದಣಿ ಮಾಡಿಸಿ.

ನೋಂದಣಿಯಾದ ಪತ್ರದ ಮಾಹಿತಿ ಉಪನೋಂದಣಿ ಕಚೇರಿಯಿಂದಲೇ ತಹಶೀಲ್ದಾರರ ಕಚೇರಿಗೆ ಹೋಗಿ ಮ್ಯುಟೇಶನ್ ಶುರುವಾಗುತ್ತದೆ. ಮ್ಯುಟೇಶನ್ನಿಗೆ ಪತ್ರವೇ ಆಧಾರ. ಪತ್ರದಲ್ಲಿ ಇಲ್ಲದ್ದು ಪಹಣಿಗೆ ತಾನಾಗಿ ಬರೋದಿಲ್ಲ.

ಯಜಮಾನರು ತೀರಿಕೊಂಡಾಗ ಹಾಗಲ್ಲ, ನಾವೇ ತಿಳಿಸಬೇಕು. 1964ರ ಭೂಕಂದಾಯ ಕಾಯ್ದೆ ಇದಕ್ಕೆ 3 ತಿಂಗಳು ಕೊಟ್ಟಿದೆ. ತಡವಾಗಿದ್ದರೂ ಸುಮ್ಮನೆ ಕೂರಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಇರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳು ಮಗನಷ್ಟೇ ಹಕ್ಕುದಾರಳು. ಉಯಿಲು ಇಲ್ಲದ ಕ್ರೈಸ್ತ ಕುಟುಂಬಗಳಲ್ಲಿ 1925ರ ಕಾಯ್ದೆಯಂತೆ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮನಾಗಿ.

ಇನ್ನು ಮೋಟಾರು. ಪಹಣಿ ಬದಲಾದ ಮಾತ್ರಕ್ಕೆ ಪಂಪ್‌ಸೆಟ್ಟಿನ ಆರ್.ಆರ್. ನಂಬರ್ ಬದಲಾಗುವುದಿಲ್ಲ. ಅದು ಕಂದಾಯ ಇಲಾಖೆಯದ್ದಲ್ಲ, ವಿದ್ಯುತ್ ಕಂಪನಿಯದು. ತೀರಿಹೋದ ಮಾವನ ಹೆಸರಲ್ಲೇ ವರ್ಷಗಟ್ಟಲೆ ಸಂಪರ್ಕ ಇರುತ್ತೆ. ಪಾಲುದಾರರಲ್ಲಿ ಮನಸ್ತಾಪ ಬಂದಾಗ ಸ್ವಿಚ್ಚು ಯಾರ ಕೈಲಿದೆ ಅನ್ನೋದೇ ಮುಖ್ಯವಾಗುತ್ತೆ. ಹೊಸ ಪಹಣಿ, ಮರಣ ಪತ್ರ ಅಥವಾ ಕ್ರಯಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ತೆಗೆದುಕೊಂಡು ವಿದ್ಯುತ್ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಬೇರೆ ಅರ್ಜಿ ಕೊಡಬೇಕು. ಕೊಳ್ಳುವವರು ಹಳೇ ಬಾಕಿ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಕಾಲುವೆ ನೀರಿನ ಊರುಗಳಲ್ಲಿ ನೀರಿನ ಕರದ ಬಾಕಿ ನೋಡಬೇಕು. ನೀರು ಬಳಕೆದಾರರ ಸಹಕಾರ ಸಂಘದ ಸದಸ್ಯತ್ವವೂ ಗಂಡನ ಹೆಸರಲ್ಲೇ ಉಳಿದುಬಿಡುತ್ತೆ. ಪಹಣಿ ನಿಮ್ಮ ಹೆಸರಿಗೆ ಬಂದ ಕೂಡಲೇ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಸದಸ್ಯರಲ್ಲದಿದ್ದರೆ ಸಭೆಯಲ್ಲಿ ಮತವಿಲ್ಲ, ಪಾಳಿ ಗೊತ್ತು ಮಾಡುವಾಗ ನಿಮ್ಮ ಮಾತು ಕೇಳುವವರೂ ಇರೋದಿಲ್ಲ. ಕೊಳವೆಬಾವಿ ಇದ್ದರೆ, 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ತಾಲ್ಲೂಕುಗಳಲ್ಲಿ ನೋಂದಣಿ ಬೇಕು. ಮಾರುವವರಿಂದ ಆ ಕಾಗದವನ್ನೂ ಕೇಳಿ ಪಡೆಯಿರಿ.

ಮುಂದಿನ ವಾರದ ಸಭೆಗೆ ಪಹಣಿ, ಪತ್ರದ ಜೆರಾಕ್ಸ್, ಕರೆಂಟ್ ಬಿಲ್ಲು ಮೂರನ್ನೂ ತನ್ನಿ. ಓದಲು ಬರುವವರು ಉಳಿದವರಿಗೆ ಓದಿ ಹೇಳಲಿ. ಮೂರರಲ್ಲೂ ಒಂದೇ ಹೆಸರು ಇಲ್ಲದವರ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ನಾಡಕಚೇರಿಗೆ ಒಬ್ಬೊಬ್ಬರೇ ಅಲೆಯುವ ಬದಲು ನಾಲ್ಕೈದು ಜನ ಒಟ್ಟಿಗೆ ಹೋಗಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಪಡೆಯದೆ ಬರಬೇಡಿ.