ಊದುಗೊಳವೆ ಕಲಿಸುವ ಉಸಿರು



ಎಮ್ಮೆಗೆ ಮೈ ಸರಿ ಇಲ್ಲ ಅನಿಸಿದರೆ ನೀವು ಮೊದಲು ನೋಡುವುದು ಅದರ ಪಕ್ಕೆಯನ್ನು. ಪಕ್ಕೆ ಬೇಗ ಬೇಗ ಏರಿಳಿಯುತ್ತಿದ್ದರೆ ಕೂಡಲೇ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಆದರೆ ಹಾಲು ಹಾಕಲು ಸಂಘಕ್ಕೆ ಹೋಗುವಾಗ ನಡುದಾರಿಯಲ್ಲಿ ನಿಮಗೇ ಏದುಸಿರು ಬಂದರೆ? "ವಯಸ್ಸಾತು ಬಿಡ್ರಿ" ಎಂದು ಸುಮ್ಮನಾಗುತ್ತೇವೆ.

ಸುಮ್ಮನೆ ಕುಳಿತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದೊಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಕಮ್ಮಾರನ ತಿದಿ ನೋಡಿದ್ದೀರಲ್ಲ, ಅದು ಹಿಗ್ಗಿದಾಗ ಗಾಳಿ ತಾನೇ ಒಳಗೆ ಬರುತ್ತದೆ. ನಮ್ಮ ಎದೆಗೂಡೂ ಹಾಗೆಯೇ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದು ಕೆಳಗಿಳಿದರೆ ಎದೆ ಹಿಗ್ಗಿ, ಶ್ವಾಸಕೋಶ ತುಂಬುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಹಾಲು ಹಿಂಡುವಾಗ ತೊಡೆಗಳು ಹೊಟ್ಟೆಯನ್ನು ಒತ್ತುವುದರಿಂದ ವಪೆಗೆ ಇಳಿಯಲು ಜಾಗವಿರುವುದಿಲ್ಲ, ಉಸಿರು ಮೇಲೆ ಮೇಲೆಯೇ ಆಡುತ್ತದೆ. ತುಸು ಎತ್ತರದ ಮಣೆ ಹಾಕಿಕೊಂಡು ಕುಳಿತು ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಮೂಗಿನ ಕೂದಲು ಮತ್ತು ಅಂಟು ದಪ್ಪ ಧೂಳನ್ನು ಹಿಡಿದು ನಿಲ್ಲಿಸುತ್ತವೆ. ಒಲೆಯ ಹೊಗೆಯ ಕಣಗಳು ಮಾತ್ರ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣವು. ಮೂಗನ್ನೂ ಸೆರಗನ್ನೂ ದಾಟಿ, ರಕ್ತಕ್ಕೆ ಆಮ್ಲಜನಕ ಸೇರುವ ಪುಟ್ಟ ಗುಳ್ಳೆಗಳವರೆಗೂ ಅವು ಹೋಗುತ್ತವೆ.

ಈಗ ಬಹಳ ಮನೆಗಳಲ್ಲಿ ಗ್ಯಾಸ್ ಬಂದಿದೆ, ನಿಜ. ಆದರೆ ಸ್ನಾನದ ನೀರು, ದನಗಳಿಗೆ ಬೇಯಿಸುವುದು ಇನ್ನೂ ಹತ್ತಿ ಕಟ್ಟಿಗೆ, ಕುಳ್ಳಿನ ಒಲೆಯ ಮೇಲೆಯೇ. ಮೈಸೂರು, ನಂಜನಗೂಡು ಕಡೆಯ ಹಳ್ಳಿಯ ಹೆಣ್ಣುಮಕ್ಕಳ ಬಗ್ಗೆ ವೈದ್ಯರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಲೆಕ್ಕ ಸರಳ: ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಅದನ್ನು ಎಷ್ಟು ವರ್ಷದಿಂದ ಎಂಬುದರಿಂದ ಗುಣಿಸುವುದು. ಗುಣಲಬ್ಧ 60 ಮುಟ್ಟಿದವರಲ್ಲಿ ಕಫದ ದೀರ್ಘ ಕೆಮ್ಮಿನ ಅಪಾಯ ಗಮನಾರ್ಹವಾಗಿ ಹೆಚ್ಚಿತ್ತು. ದಿನಕ್ಕೆ 3 ತಾಸಿನಂತೆ 20 ವರ್ಷ ಎಂದರೆ 60 ಆಯಿತು. ನಿಮ್ಮದೆಷ್ಟು, ಬೆರಳು ಮಡಿಚಿ ಲೆಕ್ಕ ಹಾಕಿ. ಬೀಡಿ ಮುಟ್ಟದವರಿಗೂ ಶ್ವಾಸಕೋಶದ ಕಾಯಿಲೆ ಬರುವುದು ಹೀಗೆ.

ಒಲೆಯನ್ನು ಪೂರ್ತಿ ಬಿಡಲಾಗದಿದ್ದರೆ ನೀರಿನ ಒಲೆಯನ್ನಾದರೂ ಹೊರಗೆ ಬಯಲಿಗೆ ಹಾಕಿ, ಒಣಗಿದ ಕಟ್ಟಿಗೆಯನ್ನೇ ಉರಿಸಿ. ಇನ್ನೊಂದು ತಪ್ಪು ನಾವೆಲ್ಲ ಮಾಡುತ್ತೇವೆ. ಊದುಗೊಳವೆಯಿಂದ ಊದಿ, ಮುಖವನ್ನು ಅಲ್ಲೇ ಇಟ್ಟು, ಮುಂದಿನ ಊದಿಗಾಗಿ ಹೊಗೆಯನ್ನೇ ಆಳವಾಗಿ ಎಳೆದುಕೊಳ್ಳುತ್ತೇವೆ. ಮುಖ ತಿರುಗಿಸಿ ಉಸಿರು ತೆಗೆದುಕೊಂಡು, ಆಮೇಲೆ ಊದಿರಿ.

ಆ ಊದುವ ತುಟಿಯಲ್ಲೇ ಒಂದು ಒಳ್ಳೆಯ ವ್ಯಾಯಾಮವೂ ಇದೆ. ಹೊಗೆ ಇಲ್ಲದ ಕಟ್ಟೆಯ ಮೇಲೆ ಬೆನ್ನು ನೇರ ಮಾಡಿ ಕುಳಿತು, ಒಂದು ಕೈ ಹೊಟ್ಟೆಯ ಮೇಲಿಡಿ. ಬಾಯಿ ಮುಚ್ಚಿ, ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆಯಿರಿ, ಕೈ ಮೇಲೇಳಬೇಕು. ನಂತರ ಗೊಳವೆ ಊದುವಂತೆ ತುಟಿ ಕೂಡಿಸಿ, ನಾಲ್ಕು ಎಣಿಸುವವರೆಗೆ ಮೆಲ್ಲಗೆ ಬಿಡಿ. ಬಲ ಹಾಕಿ ಊದಬೇಡಿ. ಕಿರಿದಾದ ತುಟಿಯಿಂದ ಗಾಳಿ ನಿಧಾನವಾಗಿ ಹೋಗುವುದರಿಂದ ಒಳಗಿನ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳದೆ, ಒಳಗುಳಿದ ಹಳೆಯ ಗಾಳಿ ಹೊರಬರುತ್ತದೆ. ಏದುಸಿರು ಬಂದಾಗ, ಮೆಟ್ಟಿಲು ಹತ್ತುವಾಗ ಇದು ಆಸರೆ. ತಲೆ ಸುತ್ತಿದರೆ ನಿಲ್ಲಿಸಿ. ಇದು ಹೊಗೆಯಿಂದಾದ ಹಾನಿಯನ್ನು ವಾಸಿಮಾಡುವ ಮದ್ದಲ್ಲ, ಅದೂ ಗೊತ್ತಿರಲಿ.

ಇನ್ನು ಮೇವು. ನವಲಗುಂದ, ಅಣ್ಣಿಗೇರಿ ಕಡೆ ಕಡಲೆ ಹೊಟ್ಟು ತೂರುವಾಗ, ಕುಂದಗೋಳದಲ್ಲಿ ಮೆಣಸಿನಕಾಯಿ ಆರಿಸುವಾಗ ಗಾಳಿಗೆ ಬೆನ್ನು ಮಾಡಿ, ಮಾಸ್ಕ್ ಹಾಕಿ. ಮಳೆ ಹೆಚ್ಚಿರುವ ಕಲಘಟಗಿಯಲ್ಲಿ ಭತ್ತದ ಹುಲ್ಲು ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ. ಅದನ್ನು ಜಾಡಿಸಿದ ನಾಲ್ಕರಿಂದ ಎಂಟು ತಾಸಿನ ಮೇಲೆ ಜ್ವರ, ಚಳಿ, ಒಣಕೆಮ್ಮು ಬಂದು, ಒಂದೆರಡು ದಿನದಲ್ಲಿ ಇಳಿದರೆ ನೆಗಡಿ ಜ್ವರ ಎಂದು ಬಿಡಬೇಡಿ. ಬೂಸ್ಟಿನಿಂದ ಶ್ವಾಸಕೋಶ ಊದಿಕೊಂಡಿರಬಹುದು. ಮತ್ತೆ ಮತ್ತೆ ಆದರೆ ಗಾಯ ಉಳಿಯುತ್ತದೆ. ಬೂಸ್ಟು ಹಿಡಿದ ಮೇವು ದನಕ್ಕೂ ಬೇಡ, ಅದರ ವಿಷ ಹಾಲಿಗೂ ಇಳಿಯುತ್ತದೆ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಸಮತಟ್ಟು ದಾರಿಯಲ್ಲೂ ಏದುಸಿರು ಬಂದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಕ್ಷಯದ ಕಫ ಪರೀಕ್ಷೆಗೆ ದುಡ್ಡಿಲ್ಲ. ವೈದ್ಯರು "ಬೀಡಿ ಸೇದ್ತೀರಾ?" ಎಂದು ಕೇಳಿದಾಗ ಇಲ್ಲ ಎಂದಷ್ಟೇ ಹೇಳಿ ನಿಲ್ಲಿಸದೆ, ಒಲೆಯ ಮುಂದಿನ ತಾಸು-ವರ್ಷಗಳ ಲೆಕ್ಕವನ್ನೂ ಹೇಳಿ.