ಒಂದೇ ಕಡ್ಡಿ ನೆಟ್‌ವರ್ಕ್‌ನಲ್ಲೂ ತೆರೆಯಲಿ ನಿಮ್ಮ ಸೈಟ್

ವಾಮದಪದವಿನಲ್ಲಿ ಕೂತು ವೆಬ್‌ಸೈಟ್ ಮಾಡ್ತೇನೆ ಅಂದ್ರೆ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು, "ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂತ. ಸಿಗ್ತದೆ. ಪೇಟೆಯಲ್ಲಿ ನಾಲ್ಕು ಕಡ್ಡಿ, ತೋಟದ ಕಡೆ ಇಳಿದರೆ ಒಂದು ಕಡ್ಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಆ ಒಂದು ಕಡ್ಡಿಯೂ ಗ್ಯಾರಂಟಿ ಇಲ್ಲ. ಆದರೆ ನಿಜ ಹೇಳಬೇಕೆಂದರೆ, ಸೈಟ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೇಂದ್ರ ಇನ್ನೊಂದಿಲ್ಲ. ಇಲ್ಲಿ ತೆರೆಯುವ ಸೈಟ್ ಎಲ್ಲಿ ಬೇಕಾದರೂ ತೆರೆಯುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆಯವರು ನನ್ನ ಗಿರಾಕಿಗಳು. ಅಡಿಕೆ ಗಿಡದ ನರ್ಸರಿ, ಹೋಮ್‌ಸ್ಟೇ, ಕ್ಯಾಟರಿಂಗ್, ದೈವಸ್ಥಾನದ ಬ್ರಹ್ಮಕಲಶ ಸಮಿತಿ, ಹೀಗೆ. ಯಾರಿಗೂ ದೊಡ್ಡ ಬಜೆಟ್ ಇಲ್ಲ. ಎಲ್ಲರಿಗೂ ಬೇಕಾದದ್ದು ಒಂದೇ: ನೋಡುವವರ ಫೋನಿನಲ್ಲಿ ಬೇಗ ತೆರೆಯಬೇಕು, ಓದಲಿಕ್ಕೆ ಆಗಬೇಕು, ಕೈತಪ್ಪಿ ಹೋಗಬಾರದು. ಈ ಮೂರಕ್ಕೆ ಉಪಯೋಗಕ್ಕೆ ಬಂದದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನವು ಪುಕ್ಕಟೆ ಸಿಗುವಂಥವೇ.

ಫೋಟೋ ಹಗುರ ಮಾಡಿ

ಯೂನಿಕೋಡಿನಲ್ಲಿ ಬರೆದ ಒಂದು ಕನ್ನಡ ಅಕ್ಷರಚಿಹ್ನೆಗೆ ವೆಬ್‌ನಲ್ಲಿ 3 ಬೈಟ್ ಬೇಕು, ಇಂಗ್ಲಿಷಿಗೆ 1 ಬೈಟ್. ಹಾಗಂತ ಕನ್ನಡದಿಂದ ಸೈಟ್ ಭಾರವಾಗ್ತದೆ ಅಂದುಕೊಳ್ಳಬೇಡಿ. ಹತ್ತು ಸಾವಿರ ಅಕ್ಷರಚಿಹ್ನೆಗಳ ದೊಡ್ಡ ಲೇಖನ ಹಾಕಿದರೂ ಅದು ಸುಮಾರು 30 ಕೆಬಿ ಅಷ್ಟೆ. ಫೋನಿನಿಂದ ತೆಗೆದ ಒಂದು ಫೋಟೋ ಸಲೀಸಾಗಿ 4 ಎಂಬಿ ಇರುತ್ತದೆ. ಅಂದರೆ ಒಂದು ಫೋಟೋದ ಜಾಗದಲ್ಲಿ ಅಂಥ ನೂರಮೂವತ್ತು ಲೇಖನ ಕೂತುಕೊಳ್ತದೆ!

ಸೆಕೆಂಡಿಗೆ 1 ಮೆಗಾಬಿಟ್ ವೇಗ ಸಿಗುವ ಕಡೆ 4 ಎಂಬಿಯ ಫೋಟೋ ಬರಲು 32 ಸೆಕೆಂಡ್ ಬೇಕು. ಅದೇ ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಿಸಿ 150 ಕೆಬಿಗೆ ತಂದರೆ ಒಂದೂಕಾಲು ಸೆಕೆಂಡಿನೊಳಗೆ ಬಂತು. ಇದಕ್ಕೆ ಗೂಗಲ್ ಕ್ರೋಮ್ ತಂಡದ 'ಸ್ಕ್ವೂಶ್' ಎಂಬ ಪುಟ ಸಾಕು. ಫೋಟೋ ನಿಮ್ಮ ಬ್ರೌಸರಿನಲ್ಲೇ ಸಣ್ಣದಾಗ್ತದೆ, ಬೇರೆಯವರ ಸರ್ವರಿಗೆ ಹೋಗುವುದಿಲ್ಲ.

ಹೋಮ್‌ಪೇಜಿನಲ್ಲಿ ತಾನಾಗಿ ಜಾರುವ ಐದು ಚಿತ್ರಗಳ ಸ್ಲೈಡರ್ ಬೇಕೇ ಬೇಕು ಅಂತ ಎಷ್ಟೋ ಮಂದಿ ಹಟ ಹಿಡಿಯುತ್ತಾರೆ. ನಾನು ವಾದ ಮಾಡಲು ಹೋಗುವುದಿಲ್ಲ. ಅವರದೇ ಫೋನ್ ಹಿಡಿದು, ತೋಟದ ಬದಿಗೆ ಹೋಗಿ, ಅಂಥ ಒಂದು ಸೈಟ್ ತೆರೆದು ತೋರಿಸ್ತೇನೆ. ಎರಡನೇ ಚಿತ್ರ ಬರುವ ಮೊದಲೇ ಅವರೇ ಹೇಳ್ತಾರೆ, "ಒಂದೇ ಸಾಕು ಮಾರಾಯ."

ಅಳೆದು ನೋಡಬೇಕೆಂದರೆ ಗೂಗಲ್‌ನ 'ಪೇಜ್‌ಸ್ಪೀಡ್ ಇನ್‌ಸೈಟ್ಸ್'ನಲ್ಲಿ ಸೈಟಿನ ವಿಳಾಸ ಹಾಕಿ, ಮೊಬೈಲ್ ವಿಭಾಗ ನೋಡಿ. ಅಲ್ಲಿ ಬರುವ ಮೂರು ಅಳತೆಗಳನ್ನು ನೆನಪಿಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಬೆರಳು ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು. ಪುಟ ತೆರೆಯುವಾಗ ಅಕ್ಷರ, ಚಿತ್ರಗಳು ಅತ್ತಿತ್ತ ಹಾರಬಾರದು, ಆ ಅಂಕ 0.1 ದಾಟಬಾರದು. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ಮೊದಲೇ ಬರೆದಿಟ್ಟರೆ ಈ ಹಾರಾಟ ಬಹುಪಾಲು ನಿಲ್ಲುತ್ತದೆ.

ಕನ್ನಡ ಕನ್ನಡದ ಹಾಗೆಯೇ ಕಾಣಲಿ

ಕನ್ನಡವನ್ನು ಕಂಪ್ಯೂಟರಿಗೆ ತಂದ ಕೆ. ಪಿ. ರಾವ್ ನಮ್ಮ ಜಿಲ್ಲೆಯ ಕಿನ್ನಿಕಂಬಳದವರು. ಇವತ್ತು ನುಡಿಯಲ್ಲಿ ನಾವು ಒತ್ತುವ ಕೀಲಿಗಳ ವಿನ್ಯಾಸದ ಮೂಲ ಅವರದು. ಅಂಥ ಜಿಲ್ಲೆಯಲ್ಲಿ ಈಗಲೂ ಎಷ್ಟೋ ಸಮಿತಿಗಳ ಸೈಟ್ ತೆರೆದರೆ ಕನ್ನಡವೆಲ್ಲ ಪೋಸ್ಟರಿನ ಚಿತ್ರದೊಳಗೆ! ಚಿತ್ರದೊಳಗಿನ ಅಕ್ಷರವನ್ನು ಕಾಪಿ ಮಾಡಲಿಕ್ಕಾಗುವುದಿಲ್ಲ, ಸರ್ಚ್‌ನಲ್ಲಿ ಅದು ಸಿಗುವುದು ಕಷ್ಟ. ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ.

ಹೀಗಾಗಲು ಒಂದು ಕಾರಣ ಹಳೆಯ ಫೈಲುಗಳು. ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆಗಳನ್ನು ಪ್ರೆಸ್ಸಿನವರು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿಕೊಡುತ್ತಾರೆ. ಅದನ್ನು ಸೈಟಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತದೆ. ಹೊಸದಾಗಿ ಟೈಪ್ ಮಾಡುವ ಕೆಲಸ ಬೇಡ. ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಿಸುವ ಸೌಲಭ್ಯ ಉಂಟು. ಬದಲಿಸಿದ ಮೇಲೆ ಅರ್ಕಾವೊತ್ತು, ಅಂಕಿಗಳು ಮತ್ತು ಜನರ ಹೆಸರುಗಳನ್ನು ಮಾತ್ರ ಕಣ್ಣಿಟ್ಟು ನೋಡಿ. ದಾನಿಗಳ ಪಟ್ಟಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಫೋನ್ ಬರುವುದು ನಿಮಗೇ.

ಫಾಂಟ್ ವಿಷಯಕ್ಕೆ ಬರೋಣ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ಬಲೂ ತಮ್ಮ 2, ಹುಬ್ಬಳ್ಳಿ, ಬೆಣ್ಣೆ ಎಲ್ಲ ಉಚಿತ, ವ್ಯಾಪಾರದ ಸೈಟಿಗೂ ಬಳಸಬಹುದು. ಒತ್ತಕ್ಷರಗಳ ದೆಸೆಯಿಂದ ಕನ್ನಡದ ಫಾಂಟ್ ಫೈಲ್ ದೊಡ್ಡದು. ಹಾಗಾಗಿ ತಲೆಬರಹಕ್ಕೆ ಒಂದು ಚಂದದ ಫಾಂಟ್ ತನ್ನಿ, ಓದುವ ಭಾಗಕ್ಕೆ ಫೋನಿನಲ್ಲಿ ಮೊದಲೇ ಇರುವ ಕನ್ನಡ ಫಾಂಟ್ ಬಿಡಿ. ಜೊತೆಗೆ ಈ ನಾಲ್ಕು:

• ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇರಲಿ. ಇಂಗ್ಲಿಷಿಗೆ ಇಟ್ಟ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ.
• ಅಕ್ಷರಗಳನ್ನು ದೂರ ದೂರ ಎಳೆಯುವುದು, ಓರೆ ಮಾಡುವುದು ಕನ್ನಡಕ್ಕೆ ಹೊಂದುವುದಿಲ್ಲ. ಒತ್ತು ಕೊಡಬೇಕಾದರೆ ದಪ್ಪ ಅಕ್ಷರ ಸಾಕು.
• ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಬಿಳಿಯ ಮೇಲೆ ತೆಳು ಬೂದು ಬಣ್ಣ ಲ್ಯಾಪ್‌ಟಾಪಿನಲ್ಲಿ ಸ್ಟೈಲ್, ಬಿಸಿಲಿನಲ್ಲಿ ನಿಂತವರಿಗೆ ಖಾಲಿ ಪುಟ.
• ಪುಟದ ಭಾಷಾ ಸಂಕೇತ ಕನ್ನಡಕ್ಕೆ 'ಕೆಎನ್', ತುಳುವಿಗೆ 'ಟಿಸಿವೈ' ಎಂದು ಕೋಡಿನಲ್ಲಿ ಬರೆದಿರಲಿ. ಟೆಂಪ್ಲೇಟಿನಲ್ಲಿ ಬಂದ ಇಂಗ್ಲಿಷ್ ಸಂಕೇತವನ್ನು ಹಾಗೇ ಬಿಟ್ಟರೆ ಓದಿ ಹೇಳುವ ಆ್ಯಪ್‌ಗಳು ಗಲಿಬಿಲಿಯಾಗ್ತವೆ.

ತುಳುವಿನಲ್ಲಿ ಸೈಟ್ ಮಾಡಬಹುದಾ ಅಂತ ಕೇಳುವವರು ಈಗ ಹೆಚ್ಚಾಗಿದ್ದಾರೆ. ಧಾರಾಳ ಮಾಡಬಹುದು. 2016ರ ಆಗಸ್ಟ್‌ನಲ್ಲಿ ಶುರುವಾದ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲೇ ನಡೀತಾ ಉಂಟು. ತುಳು-ತಿಗಳಾರಿ ಲಿಪಿಯೂ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರೊಳಗೆ ಬಂತು. ಆದರೆ ಎಲ್ಲರ ಫೋನಿನಲ್ಲೂ ಆ ಅಕ್ಷರ ಮೂಡುವ ದಿನ ಇನ್ನೂ ಬಂದಿಲ್ಲ. ಶೀರ್ಷಿಕೆಗೆ ಆ ಲಿಪಿ ಹಾಕಿ, ಅದರ ಕೆಳಗೆ ಕನ್ನಡ ಲಿಪಿಯಲ್ಲೂ ಬರೆಯಿರಿ.

ಹುಡುಕುವವರು ಹೇಗೆ ಟೈಪ್ ಮಾಡ್ತಾರೆ?

ಮೂಡುಬಿದಿರೆ, ಮೂಡುಬಿದ್ರೆ, ಮೂಡಬಿದ್ರಿ. ಊರು ಒಂದೇ, ಬರೆಯುವ ಕ್ರಮ ಮೂರು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇನ್ನೂ ಮೂರು ನಾಲ್ಕು. ಸರ್ಚ್ ಎಂಜಿನ್ ಜಾಣ ಹೌದು, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ವಿಳಾಸ, ದಾರಿ, ಹತ್ತಿರದ ಊರು, ಇವುಗಳನ್ನು ಹೇಳುವಾಗ ಚಾಲ್ತಿಯಲ್ಲಿರುವ ಒಂದೆರಡು ರೂಪಗಳು ಸಹಜವಾಗಿ ಬರಲಿ. 'ಹೋಮ್‌ಸ್ಟೇ' ಎಂದು ಕೂಡಿಸಿ ಬರೆಯುವವರೂ ಇದ್ದಾರೆ, 'ಹೋಮ್ ಸ್ಟೇ' ಎಂದು ಬಿಡಿಸುವವರೂ ಇದ್ದಾರೆ. 'ಗೂಗಲ್ ಸರ್ಚ್ ಕನ್ಸೋಲ್'ಗೆ ನಿಮ್ಮ ಸೈಟ್ ಸೇರಿಸಿದರೆ ಜನ ಯಾವ ಪದ ಹಾಕಿ ನಿಮ್ಮಲ್ಲಿಗೆ ಬಂದರು ಎಂಬುದು ಗೊತ್ತಾಗ್ತದೆ. ಆಮೇಲೆ ಊಹೆ ಬೇಕಾಗಿಲ್ಲ.

ಅಂಗಡಿ, ಹೋಮ್‌ಸ್ಟೇ ಇದ್ದವರು 'ಗೂಗಲ್ ಬಿಸಿನೆಸ್ ಪ್ರೊಫೈಲ್' ಮಾಡಿಕೊಳ್ಳಿ. ಅದಕ್ಕೆ ಹಣ ಇಲ್ಲ. ಪುಟದ ಮೇಲ್ಭಾಗದಲ್ಲೇ ಮೂರು ಬಟನ್ ಇರಲಿ: ಫೋನ್, ವಾಟ್ಸ್ಆ್ಯಪ್, ಮ್ಯಾಪ್. ನಮ್ಮ ಕಡೆ ಮುಖ್ಯರಸ್ತೆಯಿಂದ ಒಳಗೆ ಹೋಗುವ ಮಣ್ಣಿನ ದಾರಿಯಲ್ಲಿ ಮ್ಯಾಪ್ ಕೈಕೊಡುವುದುಂಟು. ಅದಕ್ಕೆ "ಕಟ್ಟೆಯ ಹತ್ತಿರ ಬಲಕ್ಕೆ, ಶಾಲೆ ದಾಟಿ ಮೂರನೇ ಗೇಟು" ಎಂಬಂಥ ಎರಡು ಸಾಲು ಬರಹದಲ್ಲೂ ಇರಲಿ. ಅದು ನೆಟ್‌ವರ್ಕ್ ಹೋದ ಮೇಲೂ ತೆರೆದಿಟ್ಟ ಪುಟದಲ್ಲಿ ಓದಲಿಕ್ಕೆ ಸಿಗ್ತದೆ.

ಇನ್ನೊಂದು, ಸಾವಿರ ಕಂಬದ ಬಸದಿಯ ಚಿತ್ರ ಬೇಕು ಅಂತ ಗೂಗಲಿನಿಂದ ಎತ್ತಿ ಹಾಕಬೇಡಿ. ಅದು ಯಾರೋ ತೆಗೆದ ಫೋಟೋ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬಳಸಲು ಅನುಮತಿ ಇರುವ ಫೋಟೋಗಳು ಸಿಗ್ತವೆ, ಲೈಸೆನ್ಸ್ ಓದಿ, ತೆಗೆದವರ ಹೆಸರು ಹಾಕಿ. ನಿಮ್ಮ ಅಂಗಳ, ನಿಮ್ಮ ತೋಟದ ಫೋಟೋ ಮಾತ್ರ ನೀವೇ ತೆಗೆಯಿರಿ. ಬೆಳಗ್ಗೆ ಎಂಟರ ಮೊದಲಿನ ಬೆಳಕಿಗಿಂತ ದೊಡ್ಡ ಫಿಲ್ಟರ್ ಇಲ್ಲ.

ಕೀಲಿಕೈ ಯಾರ ಹತ್ತಿರ ಉಂಟು?

ಇದು ಎಲ್ಲದಕ್ಕಿಂತ ಮುಖ್ಯ. ನಮ್ಮ ಬದಿಯ ಒಂದು ಅಡಿಕೆ ನರ್ಸರಿಯ ಸೈಟನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟಿದ್ದ. ಡೊಮೈನ್ ತೆಗೆದುಕೊಂಡದ್ದು ಅವನ ಈಮೇಲಿನಲ್ಲಿ. ಅವನು ಕೆಲಸಕ್ಕೆಂದು ಗಲ್ಫಿಗೆ ಹೋದ, ಹಳೆಯ ಈಮೇಲ್ ನೋಡುವುದು ಬಿಟ್ಟ. ನವೀಕರಣದ ನೆನಪೋಲೆಗಳೆಲ್ಲ ಅಲ್ಲಿಗೇ ಹೋದವು. ಅವಧಿ ಮುಗಿಯಿತು, ಬೇರೆ ಯಾರೋ ಆ ಹೆಸರು ಖರೀದಿಸಿದರು. ಬಿಲ್‌ಬುಕ್, ಪಿಕಪ್ಪಿನ ಬಾಗಿಲು, ಗಿಡದ ಚೀಲ ಎಲ್ಲದರ ಮೇಲೂ ಅಚ್ಚಾಗಿದ್ದ ವಿಳಾಸ ಒತ್ತಿದರೆ ಜೂಜಿನ ಪುಟ ತೆರೆಯತೊಡಗಿತು. ಯಜಮಾನರಿಗೆ ಗೊತ್ತಾದದ್ದು ಸುಳ್ಯದ ಗಿರಾಕಿಯೊಬ್ಬರು ಫೋನ್ ಮಾಡಿ, "ಎಂತ ಅಣ್ಣ, ವ್ಯಾಪಾರ ಬದಲಿಸಿದ್ದೀರಾ?" ಎಂದಾಗ.

ಅವರು ನನ್ನ ಹತ್ತಿರ ಬಂದ ಮೇಲೆ ಹೊಸ ಹೆಸರು ತೆಗೆದೆವು, ಈ ಸಲ ಅವರದೇ ಈಮೇಲಿನಲ್ಲಿ. ಹಳೆಯ ಪುಟಗಳ ಬರಹ, ಕೆಲವು ಫೋಟೋಗಳು ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷೀನ್'ನಲ್ಲಿ ಸಿಕ್ಕಿದವು. ಯಾವ ಸೈಟಿನ ಹಳೆಯ ರೂಪ ಬೇಕಾದರೂ ಅಲ್ಲಿ ಒಮ್ಮೆ ಹುಡುಕಿ ನೋಡಬಹುದು. ಆದರೆ ಯಜಮಾನರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ: "ಗಾಡಿಗೆ ಹೊಸ ಪೈಂಟ್ ಹೊಡೆಸ್ಬಹುದು. ಇಷ್ಟು ವರ್ಷ ಕೊಟ್ಟ ಬಿಲ್ಲುಗಳನ್ನು ವಾಪಸ್ ತರ್ಲಿಕ್ಕೆ ಆಗ್ತದಾ?"

ಹಾಗಾಗಿ ಸೈಟ್ ಇರುವವರಿಗೆ ನನ್ನ ಮಾತು ಇಷ್ಟು. ಡೊಮೈನ್ ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ಎರಡು ಹಂತದ ಲಾಗಿನ್ ಹಾಕಿ, ತಾನಾಗಿ ನವೀಕರಣ ಆಗುವ ಹಾಗೆ ಇಡಿ, ಜೊತೆಗೆ ಕ್ಯಾಲೆಂಡರಿನಲ್ಲೂ ದಿನಾಂಕ ಬರೆದಿಡಿ. ತೆಗೆದುಕೊಳ್ಳುವಾಗ ಮೊದಲ ವರ್ಷದ ಆಫರ್ ಬೆಲೆ ಅಲ್ಲ, ಎರಡನೇ ವರ್ಷದ ಬೆಲೆ ನೋಡಿ. ಕನ್ನಡದಲ್ಲೇ '.ಭಾರತ' ಎಂದು ಕೊನೆಯಾಗುವ ಹೆಸರೂ ಸಿಗ್ತದೆ, ಆದರೆ ಅದರ ಜೊತೆ '.ಇನ್' ಹೆಸರು ಒಂದಿರಲಿ.

ಸಣ್ಣ ಸೈಟಿಗೆ ಹೋಸ್ಟಿಂಗ್‌ಗೆ ಹಣ ಕೊಡಲೇಬೇಕೆಂದಿಲ್ಲ. ಸಮಿತಿಯ ಮಾಹಿತಿ, ಕಾರ್ಯಕ್ರಮದ ಪಟ್ಟಿ ಇಂಥ ಬದಲಾಗದ ಪುಟಗಳಿಗೆ 'ಗಿಟ್‌ಹಬ್ ಪೇಜಸ್'ನಲ್ಲಿ 1 ಜಿಬಿವರೆಗೆ ಉಚಿತ ಜಾಗ ಉಂಟು. ವ್ಯಾಪಾರ ನಡೆಸುವ ಸೈಟಿಗೆ ಮಾತ್ರ ಅದು ಹೇಳಿ ಮಾಡಿಸಿದ್ದಲ್ಲ. ಎಚ್‌ಟಿಟಿಪಿಎಸ್ ಬೀಗವನ್ನು 'ಲೆಟ್ಸ್ ಎನ್‌ಕ್ರಿಪ್ಟ್' 2015ರಿಂದ ಪುಕ್ಕಟೆ ಕೊಡ್ತಾ ಬಂದಿದೆ. ಅದಕ್ಕೆ ವರ್ಷ ವರ್ಷ ಬಿಲ್ ಬರುತ್ತಿದ್ದರೆ ಯಾಕೆ ಅಂತ ಕೇಳಿ. ಅತಿಥಿಗಳ ಆಧಾರ್ ಕಾರ್ಡಿನ ಫೋಟೋವನ್ನು ಸೈಟಿನ ಫಾರ್ಮಿನಲ್ಲಿ ತುಂಬಿಸಿಕೊಳ್ಳುವುದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅಂಥ ಮಾಹಿತಿ ಕಾಪಾಡುವ ಹೊಣೆ ಅದನ್ನು ಪಡೆದವರದು.

ಸೈಟ್ ಮಾಡುವ ಹುಡುಗ ಹುಡುಗಿಯರಿಗೂ ಒಂದು ಮಾತು. ಕೆಲಸ ಮುಗಿಸಿದ ದಿನ ಒಂದು ಹಾಳೆ ಕೊಡಿ. ಡೊಮೈನ್ ಎಲ್ಲಿ, ಹೋಸ್ಟಿಂಗ್ ಎಲ್ಲಿ, ಯಾವ ಈಮೇಲ್, ನವೀಕರಣ ಯಾವಾಗ, ಬ್ಯಾಕಪ್ ಯಾವ ಪೆನ್‌ಡ್ರೈವಿನಲ್ಲಿ, ಇಷ್ಟೇ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ಅವರ ಕೈಯಿಂದಲೇ ಹೊಸದು ಹಾಕಿಸಿ. ಗಿರಾಕಿ ಕೈಬಿಟ್ಟು ಹೋಗ್ತಾರೆ ಅಂತ ಕೀಲಿಕೈ ಹಿಡಿದುಕೊಳ್ಳುವವರು ಇದ್ದಾರೆ. ನನ್ನ ಅನುಭವದಲ್ಲಿ ಆ ಹಾಳೆ ಕೊಟ್ಟ ಮನೆಯವರೇ ಮುಂದಿನ ಕೆಲಸಕ್ಕೂ ಕರೆದಿದ್ದಾರೆ, ತಂಗಿಯ ಮನೆಗೂ ನಂಬರ್ ಕೊಟ್ಟಿದ್ದಾರೆ.

ಈಗ ನಿಮ್ಮ ಕೈಯಲ್ಲಿ ಫೋನ್ ಉಂಟಲ್ಲ? ವೈಫೈ ಆಫ್ ಮಾಡಿ, ನಿಮ್ಮ ಸೈಟ್ ತೆರೆಯಿರಿ. ಹತ್ತು ಎಣಿಸುವುದರೊಳಗೆ ಫೋನ್ ನಂಬರ್ ಕಾಣದಿದ್ದರೆ ಫೋಟೋಗಳಿಂದ ಕೆಲಸ ಶುರು ಮಾಡಿ. ಕಂಡರೆ, ಡೊಮೈನ್ ಯಾರ ಈಮೇಲಿನಲ್ಲಿದೆ ಅಂತ ಇವತ್ತೇ ವಿಚಾರಿಸಿ.