ಹಾಸ್ಟೆಲಿಗೆ ಸೇರಿಸುವ ಮುನ್ನ ಬಾಗಿಲು ನೋಡಿ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಿಂದ ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ಹಲವರು ಕಲಬುರಗಿಯ ಕಾಲೇಜುಗಳಿಗೆ, ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಹಾಸ್ಟೆಲ್ ನೋಡಲು ಹೋದ ಪೋಷಕರು ಬಾಡಿಗೆ, ಊಟ, ನೀರು ಎಲ್ಲವನ್ನೂ ವಿಚಾರಿಸುತ್ತಾರೆ. ರಾತ್ರಿ ಬೆಂಕಿ ಬಿದ್ದರೆ ಮಕ್ಕಳು ಹೊರಬರುವ ದಾರಿ ಯಾವುದು ಎಂದು ಕೇಳುವವರು ಕಡಿಮೆ. ಅದಕ್ಕಾಗಿ ಈ ಲೇಖನ.

ಕೊಲ್ಲುವುದು ಹೊಗೆ

ನಮ್ಮ ಕಡೆ ಕಟ್ಟಡಗಳೆಲ್ಲ ಕಲ್ಲು, ಸಿಮೆಂಟಿನವು. ಶಹಾಬಾದ್ ಕಲ್ಲಿನ ನೆಲ ಸುಡುವುದಿಲ್ಲ ಎಂಬ ಧೈರ್ಯ ನಮಗಿದೆ. ಆದರೆ ಕೋಣೆಯೊಳಗಿನ ಹಾಸಿಗೆ, ಬಟ್ಟೆ, ಪುಸ್ತಕ, ವೈರು ಸುಡುತ್ತವೆ. ಅವುಗಳ ವಿಷದ ಹೊಗೆ ನಿಮಿಷಗಳಲ್ಲಿ ಮೆಟ್ಟಿಲು ತುಂಬುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಮೇಲಿನ ಮಹಡಿಗಳಿಗೆ ಹೊಗೆ ತುಂಬಿ, ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. 2019ರ ಮೇ 24ರಂದು ಸೂರತ್‌ನ ಕೋಚಿಂಗ್ ಕೇಂದ್ರದಲ್ಲಿ 22 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅಲ್ಲಿಯೂ ಮೇಲಿನ ಮಹಡಿಯಲ್ಲಿದ್ದ ಮಕ್ಕಳಿಗೆ ಇಳಿಯುವ ದಾರಿ ಇರಲಿಲ್ಲ.

ಬೀಗದ ಪ್ರಶ್ನೆ

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಗೇಟಿಗೆ ಬೀಗ ಹಾಕುತ್ತಾರೆ. ಪೋಷಕರು ಬಯಸುವುದೂ ಅದನ್ನೇ. ಆ ಕಾಳಜಿ ತಪ್ಪಲ್ಲ. ಆದರೆ ಹೊರಗಿನವರು ಒಳಗೆ ಬಾರದಂತೆ ಹಾಕಿದ ಬೀಗ ಒಳಗಿನವರನ್ನು ಹೊರಗೆ ಹೋಗದಂತೆ ತಡೆಯಬಾರದು. ಒಳಗಿನಿಂದ ಕೀಲಿಯಿಲ್ಲದೆ ತೆಗೆಯಬಹುದಾದ ಚಿಲಕ ಬೇಕು. ಬೀಗ ಅನಿವಾರ್ಯವಾದರೆ, ಕಟ್ಟಡದೊಳಗೇ ಮಲಗುವ ವಾರ್ಡನ್ ಬಳಿ ಕೀಲಿ ಇರಬೇಕು. ಎರಡನೆಯ ಮೆಟ್ಟಿಲಿದ್ದರೆ ಅದನ್ನು ಸಾಮಾನು ತುಂಬುವ ಜಾಗ ಮಾಡಬಾರದು. ಕಿಟಕಿ ಗ್ರಿಲ್‌ಗಳಲ್ಲಿ ಒಂದಾದರೂ ತೆರೆಯುವಂತಿರಲಿ.

ಬೆಂಕಿ ಹುಟ್ಟುವ ಜಾಗ

ಕೋಣೆಯ ಸಣ್ಣ ಸಾಕೆಟ್ ಸಾಮಾನ್ಯವಾಗಿ 6 ಆಂಪಿಯರಿನದು. ಅಂದರೆ ಸುಮಾರು 1,380 ವ್ಯಾಟ್ ಅದರ ಮಿತಿ. ನೀರು ಕಾಯಿಸುವ 1,500 ವ್ಯಾಟಿನ ರಾಡ್ ಒಂದೇ ಆ ಮಿತಿ ಮೀರುತ್ತದೆ. 2,000 ವ್ಯಾಟಿನ ಇಂಡಕ್ಷನ್ ಒಲೆ ಇನ್ನೂ ಹೆಚ್ಚು. ರಂಜಾನಿನಲ್ಲಿ ಸಹರಿಗೆಂದು ಎಲ್ಲ ಕೋಣೆಗಳಲ್ಲೂ ಒಂದೇ ಹೊತ್ತಿಗೆ ಒಲೆ ಹಚ್ಚಿದರೆ ವೈರು ಕಾಯುತ್ತದೆ. ಮೆಸ್ಸಿನಲ್ಲೇ ಸಹರಿ ವ್ಯವಸ್ಥೆ ಮಾಡುವಂತೆ ವಾರ್ಡನ್ ಅವರನ್ನು ಮೊದಲೇ ಕೇಳಿಕೊಳ್ಳಿ.

ಕೆಂಪು ಸಿಲಿಂಡರ್

ಪ್ರತಿ ಮಹಡಿಯಲ್ಲೂ ಬೆಂಕಿ ನಂದಿಸುವ ಸಿಲಿಂಡರ್ ಇರಬೇಕು. ಪುಡಿ ತುಂಬಿದ ಎ.ಬಿ.ಸಿ. ಮಾದರಿ ಬಟ್ಟೆ, ಎಣ್ಣೆ, ಗ್ಯಾಸ್, ವಿದ್ಯುತ್ ಬೆಂಕಿಗೆಲ್ಲ ಆಗುತ್ತದೆ. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ, ತಪಾಸಣೆಯ ದಿನಾಂಕ ದಾಟಿಲ್ಲವೇ ನೋಡಿ. ಬಳಸುವಾಗ ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಬೀಸಬೇಕು. ಅದು ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಬೆಂಕಿ ದೊಡ್ಡದಾಗಿದ್ದರೆ ಹೋರಾಡಬೇಡಿ, ಹೊರಡಿ. ಉರಿಯುವ ವಿದ್ಯುತ್ ಉಪಕರಣಕ್ಕೆ ನೀರು ಹಾಕಬೇಡಿ.

ಹೊರಬರುವಾಗ

- ಕೂಗಿ ಎಲ್ಲರನ್ನೂ ಎಬ್ಬಿಸಿ. ಮೊಬೈಲ್, ಪ್ರಮಾಣಪತ್ರ ಹುಡುಕುತ್ತ ನಿಲ್ಲಬೇಡಿ.
- ಬಾಗಿಲು ಬಿಸಿಯಾಗಿದ್ದರೆ ತೆರೆಯಬೇಡಿ. ಹೊರಬಂದ ಮೇಲೆ ಬಾಗಿಲು ಎಳೆದುಕೊಳ್ಳಿ.
- ಹೊಗೆಯಿದ್ದರೆ ನೆಲಕ್ಕೆ ಬಗ್ಗಿ ಸಾಗಿ. ಲಿಫ್ಟ್ ಬೇಡ.
- ದಾರಿ ಮುಚ್ಚಿದ್ದರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿ.
- 101 ಅಥವಾ 112ಕ್ಕೆ ಕರೆ ಮಾಡಿ.
- ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಸೇರಿ, ತಲೆ ಎಣಿಸಿ.

ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ತಂದೆಯರಿಗೆ ಸೈರನ್ ಕೇಳಿ ಒಂದೆಡೆ ಸೇರುವ ಅಭ್ಯಾಸ ಹೊಸದಲ್ಲ. ಅದನ್ನೇ ಮಕ್ಕಳಿಗೂ ಹೇಳಿಕೊಡಿ.

ಅರ್ಜಿದಾರರ ಗಮನಕ್ಕೆ

ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಹೊರಗೆ ಉಳಿದು ಓದುವವರಿಗಾಗಿ ಮೂರು ಪ್ರಶ್ನೆ ಸೇರಿಸಿದ್ದೇವೆ: ಹೊರಬರಲು ಎಷ್ಟು ದಾರಿಗಳಿವೆ? ರಾತ್ರಿ ಕೀಲಿ ಯಾರ ಬಳಿ ಇರುತ್ತದೆ? ಸಿಲಿಂಡರ್ ಎಲ್ಲಿದೆ? ಉತ್ತರ ಏನೇ ಇದ್ದರೂ ಸಹಾಯಧನ ನಿಲ್ಲುವುದಿಲ್ಲ. ಕೊರತೆ ಕಂಡಲ್ಲಿ ವಿದ್ಯಾರ್ಥಿಯ ಹೆಸರು ಹೇಳದೆ ನಾವೇ ಹಾಸ್ಟೆಲಿನವರೊಂದಿಗೆ ಮಾತನಾಡುತ್ತೇವೆ. ದಯವಿಟ್ಟು ಕಣ್ಣಾರೆ ನೋಡಿ ಉತ್ತರ ಬರೆಯಿರಿ.